ಲೇಸರ್ ಸಾಫ್ಟ್‌ವೇರ್ ಪ್ರಶ್ನೋತ್ತರ: ಇವತ್ತು ರಾತ್ರಿ 8ರಿಂದ

ಅಡ್ಮಿನ್: ಲೇಸರ್ ಮಿಷನ್ ಓಡಿಸುವ ಸಾಫ್ಟ್‌ವೇರ್ ಲೈಟ್‌ಬರ್ನ್‌ನ ಹೊಸ ಆಯ್ಕೆಗಳ ಬಗ್ಗೆ ತುಂಬಾ ಜನ ಕೇಳುತ್ತಿದ್ದೀರಿ. ಲೇಸರ್ ಮಿಷನ್ ಸರ್ವಿಸ್ ಮಾಡುವ ನಮ್ಮ ಸದಸ್ಯರೇ ಉತ್ತರ ಕೊಡುತ್ತಾರೆ. ಫಾರ್ವರ್ಡ್ ಹಾಕಬೇಡಿ, ದಯವಿಟ್ಟು.

ಹಾಸನ ನೇಮ್‌ಪ್ಲೇಟ್: ನಮಸ್ಕಾರ ಸರ್. ಲೈಸೆನ್ಸ್ ಜೊತೆ ಬರುವ ಒಂದು ವರ್ಷದ ಅಪ್‌ಡೇಟ್ ಮುಗಿದರೆ ಸಾಫ್ಟ್‌ವೇರ್ ನಿಂತು ಹೋಗುತ್ತದಾ?

ಉತ್ತರ: ನಮಸ್ಕಾರ. ಇಲ್ಲ. ಆ ವರ್ಷದೊಳಗೆ ಬಂದ ಕೊನೆಯ ಆವೃತ್ತಿ ನಿಮ್ಮದೇ, ಎಷ್ಟು ವರ್ಷ ಬೇಕಾದರೂ ಓಡಿಸಿ. ಹೊಸದು ಬೇಕು ಅನ್ನಿಸಿದಾಗ ಮಾತ್ರ ರಿನ್ಯೂ ಮಾಡಿ.

ದಾವಣಗೆರೆ: ನನ್ನ ಮಿಷನ್‌ನಲ್ಲಿ ರುಯಿಡಾ ಕಂಟ್ರೋಲರ್ ಬೋರ್ಡ್ ಇದೆ. ಕೋರ್ ಲೈಸೆನ್ಸ್ ಸಾಕಾ?

ಉತ್ತರ: ಸಾಲದು. ಪ್ರೋ ಬೇಕು.

ಮಂಡ್ಯ ಗಿಫ್ಟ್ ಸೆಂಟರ್: ಸ್ಟೀಲ್ ಬಾಟಲಿಗೆ ರೋಟರಿ (ಬಾಟಲಿ ತಿರುಗಿಸುವ ಸಾಧನ) ಹಾಕಿದರೆ ಹೆಸರು ಒಂದು ಕಡೆ ಎಳೆದ ಹಾಗೆ ಬರುತ್ತಿದೆ ಸರ್.

ಧಾರವಾಡ: ಸರ್, ರಾಜ್ಯೋತ್ಸವದ ಬೋರ್ಡ್ ಆರ್ಡರ್ ಬಂದಿದೆ. ಕನ್ನಡ ಟೈಪ್ ಮಾಡಿ ಫಿಲ್ (ಅಕ್ಷರದ ಒಳಗೆಲ್ಲಾ ಕೆತ್ತುವುದು) ಕೊಟ್ಟರೆ ಒತ್ತಕ್ಷರ ಸೇರುವ ಜಾಗ ಮಾತ್ರ ಖಾಲಿ ಉಳಿಯುತ್ತದೆ. ಸ್ಟೆನ್ಸಿಲ್ ಮಾಡಿದರೆ ‘ಬೆಂಗಳೂರು’ ಪದದ ಸೊನ್ನೆಯ ಹೊಟ್ಟೆ ಬಿದ್ದು ಹೋಗುತ್ತದೆ.

ಉತ್ತರ: ಒಳ್ಳೆಯ ಪ್ರಶ್ನೆ, ಇದನ್ನು ಯಾರೂ ಕೇಳುವುದೇ ಇಲ್ಲ. ಅಕ್ಷರ ಒಂದು ಗೆರೆ, ಒತ್ತು ಇನ್ನೊಂದು ಗೆರೆ. ಎರಡೂ ಒಂದರ ಮೇಲೊಂದು ಬಿದ್ದ ಜಾಗವನ್ನು ಸಾಫ್ಟ್‌ವೇರ್ ತೂತು ಅಂದುಕೊಳ್ಳುತ್ತದೆ. ಟೆಕ್ಸ್ಟ್ ಸಾಲಿನಲ್ಲಿ ವೆಲ್ಡ್ (ಗೆರೆಗಳನ್ನು ಒಂದಾಗಿ ಬೆಸೆಯುವುದು) ಆನ್ ಮಾಡಿ, ಸರಿಹೋಗುತ್ತದೆ. ಸ್ಟೆನ್ಸಿಲ್‌ಗೆ ಟ್ಯಾಬ್ (ಕತ್ತರಿಸದೆ ಬಿಡುವ ಸಣ್ಣ ಜಾಗ) ಹಾಕುವ ಆಯ್ಕೆ ಇದೆಯಲ್ಲ ಎಂದು ಎಲ್ಲರೂ ಮೋಸ ಹೋಗುತ್ತಾರೆ. ಟ್ಯಾಬ್ ಆ ಹೊಟ್ಟೆಯನ್ನು ಹಿಡಿಯುವುದು ಸುತ್ತಲಿನ ಉಂಗುರಕ್ಕೆ. ಆ ಉಂಗುರವೇ ಬಿದ್ದು ಹೋಗುವ ತುಂಡು, ಹೊಟ್ಟೆ ನಿಲ್ಲುವುದು ಹೇಗೆ? ಸೊನ್ನೆಗೆ ಅಡ್ಡ ಒಂದು ಸಣ್ಣ ಪಟ್ಟಿ ಎಳೆದು ಬೂಲಿಯನ್ (ಆಕಾರ ಕೂಡಿಸುವ, ಕಳೆಯುವ ಆಯ್ಕೆ) ಬಳಸಿ ಕಳೆಯಿರಿ. ಆಗ ಹೊಟ್ಟೆ ಶೀಟ್‌ಗೇ ಅಂಟಿಕೊಳ್ಳುತ್ತದೆ.

ಹುಬ್ಬಳ್ಳಿ ಬೋರ್ಡ್ಸ್: ಇಷ್ಟೆಲ್ಲಾ ಯಾಕೆ? ನುಡಿಯಲ್ಲಿ ಟೈಪ್ ಮಾಡಿ, ಕೋರಲ್‌ಡ್ರಾದಲ್ಲಿ ಕರ್ವ್ (ಅಕ್ಷರವನ್ನು ಗೆರೆಯ ಚಿತ್ರ) ಮಾಡಿ ತಂದರೆ ಮುಗಿಯಿತು. ಯೂನಿಕೋಡ್ ಫಾಂಟ್ ಎಲ್ಲಾ ಒಂದೇ ಥರ, ಬೋರ್ಡ್‌ಗೆ ಕಳೆ ಇರುವುದಿಲ್ಲ.

ಮೈಸೂರು ಟ್ರೋಫಿ: ಕರ್ವ್ ಮಾಡಿದರೆ ಹೆಸರು ಬದಲಾಯಿಸುವುದು ಹೇಗೆ? ನನಗೆ 200 ಟ್ರೋಫಿ, 200 ಹೆಸರು. ವೇರಿಯಬಲ್ ಟೆಕ್ಸ್ಟ್‌ಗೆ ಎಕ್ಸೆಲ್ ಪಟ್ಟಿ ಕೊಟ್ಟು ಕೂತಿರುತ್ತೇನೆ, ಒಂದೊಂದಾಗಿ ಬರುತ್ತದೆ.

ಹುಬ್ಬಳ್ಳಿ ಬೋರ್ಡ್ಸ್: ನಾವು 1998ರಿಂದ ಬೋರ್ಡ್ ಮಾಡುತ್ತಿದ್ದೇವೆ ಮೇಡಂ.

ಮೈಸೂರು ಟ್ರೋಫಿ: ಗೊತ್ತಾಗುತ್ತದೆ ಬಿಡಿ.

ಉತ್ತರ: ಇಬ್ಬರೂ ಸರಿ. ಪಟ್ಟಿ ಕೊಡುವವರು ಎಕ್ಸೆಲ್‌ನಲ್ಲಿ ‘ಸಿಎಸ್‌ವಿ ಯುಟಿಎಫ್-8’ ಆಗಿಯೇ ಉಳಿಸಿ. ಬರೀ ಸಿಎಸ್‌ವಿ ಅಂದರೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ.

ಚಿತ್ರದುರ್ಗ: ವರ್ಷ ಆದ ಮೇಲೆ ರಿನ್ಯೂ ಮಾಡದಿದ್ದರೆ ನಿಲ್ಲುತ್ತದಾ?

ಉತ್ತರ: ಮೇಲೆ ಓದಿ.

ತುಮಕೂರು: ಸರ್, ಯಾರೋ ಕಳಿಸಿದ ಮೆಟೀರಿಯಲ್ ಲೈಬ್ರರಿ ಫೈಲ್ ಹಾಕಿಕೊಂಡೆ. ತುಂಬಾ ಅನುಕೂಲ. ಅದರಲ್ಲಿ ಸನ್‌ಬೋರ್ಡ್ 5 ಎಂಎಂ ಸೆಟಿಂಗ್ ಇತ್ತು. ನಾಲ್ಕು ದಿನದಿಂದ ಅದನ್ನೇ ಕತ್ತರಿಸುತ್ತಿದ್ದೇವೆ. ಎಡ್ಜ್ ಕಪ್ಪಾಗುತ್ತಿದೆ, ಸ್ಪೀಡ್ ಎಷ್ಟು ಇಡಲಿ? ಕೆಲಸದ ಹುಡುಗನಿಗೆ ಕೆಮ್ಮು, ಕಣ್ಣುರಿ. ಮಿಷನ್‌ನ ರೈಲ್ ಮೇಲೆ ತುಕ್ಕು ಬೇರೆ.

ಉತ್ತರ: ಮೊದಲು ಮಿಷನ್ ನಿಲ್ಲಿಸಿ. ಸ್ಪೀಡ್ ಮಾತು ಆಮೇಲೆ. ನಮ್ಮ ಅಂಗಡಿಗಳಲ್ಲಿ ಸನ್‌ಬೋರ್ಡ್ ಎಂದು ಕೊಡುವುದು ಜಾಸ್ತಿ ಪಿವಿಸಿ ಫೋಮ್. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್. ಲೇಸರ್ ಬಿಸಿಗೆ ಅದು ಹೈಡ್ರೋಜನ್ ಕ್ಲೋರೈಡ್ ಗ್ಯಾಸ್ ಆಗಿ ಏಳುತ್ತದೆ, ತೇವ ಸಿಕ್ಕರೆ ಆ್ಯಸಿಡ್. ನಿಮ್ಮ ರೈಲ್ ತಿಂದದ್ದು ಅದೇ. ಹುಡುಗನ ಕಣ್ಣಿಗೆ, ಗಂಟಲಿಗೆ ಹೋಗುತ್ತಿರುವುದೂ ಅದೇ. ನಾನು ಡಾಕ್ಟರ್ ಅಲ್ಲ, ಆದರೆ ಇಂಥ ಗ್ಯಾಸ್ ಎಳೆದರೆ ಉಸಿರಿನ ತೊಂದರೆ ಕೆಲವು ಗಂಟೆ ಬಿಟ್ಟೂ ಬರಬಹುದು. ಅವನನ್ನು ಇವತ್ತು ರಾತ್ರಿಯೇ ಡಾಕ್ಟರಿಗೆ ತೋರಿಸಿ.

ಲೈಬ್ರರಿ ಫೈಲ್ ಅಂದರೆ ಯಾರೋ ತಮ್ಮ ಮಿಷನ್‌ಗೆ ಬರೆದುಕೊಂಡ ಅಂಕಿ, ಅಷ್ಟೇ. ಹೆಸರು ಏನು ಬೇಕಾದರೂ ಇಡಬಹುದು. ಟೇಬಲ್ ಮೇಲೆ ಯಾವ ಶೀಟ್ ಇದೆ ಎಂದು ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ. ಮೆಟೀರಿಯಲ್ ಟೆಸ್ಟ್ ಎಂಬ ಆಯ್ಕೆ ಇದೆ, ಚೌಕ ಚೌಕವಾಗಿ ಸ್ಪೀಡ್, ಪವರ್ ಬದಲಿಸಿ ಸುಟ್ಟು ತೋರಿಸುತ್ತದೆ. ಚೆನ್ನಾಗಿದೆ, ಆದರೆ ಅದು ಹೇಳುವುದು ಯಾವುದು ಚೆನ್ನಾಗಿ ಕತ್ತರಿಸುತ್ತದೆ ಎಂದು. ಯಾವುದನ್ನು ಕತ್ತರಿಸಬಾರದು ಎಂದಲ್ಲ.

ಅನುಮಾನ ಇದ್ದರೆ ಹೊರಗೆ, ಗಾಳಿಯಲ್ಲಿ, ತಾಮ್ರದ ತಂತಿ ಕಾಯಿಸಿ ಶೀಟ್‌ನ ಚೂರಿಗೆ ಮುಟ್ಟಿಸಿ, ಮತ್ತೆ ಬೆಂಕಿಗೆ ಹಿಡಿಯಿರಿ. ಉರಿ ಹಸಿರಾದರೆ ಲೇಸರ್ ಹತ್ತಿರ ತರಬೇಡಿ. ಸನ್‌ಬೋರ್ಡ್‌ಗೆ ಸಿಎನ್‌ಸಿ ರೌಟರ್ (ತಿರುಗುವ ಬಿಟ್‌ನಿಂದ ಕತ್ತರಿಸುವ ಮಿಷನ್) ಇದೆ. ರೆಕ್ಸಿನ್‌ಗೂ ಇದೇ ಪರೀಕ್ಷೆ ಮಾಡಿ.

ರಾಮನಗರ: ಕೆಲಸ ಆದ ಮೇಲೆ ಬೆಲ್ಲ ತಿಂದರೆ ಹೊಗೆ ಎಲ್ಲಾ ಇಳಿದು ಹೋಗುತ್ತದೆ. ಒದ್ದೆ ಬಟ್ಟೆ ಕಟ್ಟಿಕೊಂಡರೆ ಏನೂ ಆಗಲ್ಲ. ನನಗೆ ಬಂದ ಮೆಸೇಜ್ ಹಾಕಲಾ?

ಉತ್ತರ: ಹಾಕಬೇಡಿ. ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಗ್ಯಾಸ್ ಶ್ವಾಸಕೋಶಕ್ಕೆ. ಒದ್ದೆ ಬಟ್ಟೆ ನಂಬಿ ಒಳಗೆ ನಿಂತರೆ ಇನ್ನೂ ಜಾಸ್ತಿ ಹೊತ್ತು ಕುಡಿಯುತ್ತೀರಿ. ಧೂಳಿನ ಮಾಸ್ಕ್ ಕೂಡ ಗ್ಯಾಸ್ ತಡೆಯುವುದಿಲ್ಲ.

ರಾಮನಗರ: ನಮ್ಮ ತಾತ ಮಿಲ್‌ನಲ್ಲಿ ಬೆಲ್ಲ ತಿಂದೇ 85 ವರ್ಷ ಬದುಕಿದ್ದರು.

ಮೈಸೂರು ಟ್ರೋಫಿ: ತಾತ ಲೇಸರ್ ಓಡಿಸುತ್ತಿದ್ದರಾ?

ರಾಮನಗರ: ಮರ್ಯಾದೆ ಕೊಟ್ಟು ಮಾತಾಡಿ.

ಅಡ್ಮಿನ್: ಇಬ್ಬರೂ ಸಾಕು.

ಉಡುಪಿ: ಕ್ಯಾಮೆರಾ ಇಲ್ಲದೆ ಪ್ರಿಂಟ್ ಅಂಡ್ ಕಟ್ (ಪ್ರಿಂಟ್ ಆದ ಚಿತ್ರಕ್ಕೆ ಸರಿಯಾಗಿ ಕತ್ತರಿಸುವುದು) ಆಗುತ್ತದಾ?

ಉತ್ತರ: ಆಗುತ್ತದೆ. ಎರಡು ಗುರುತು ಪ್ರಿಂಟ್ ಮಾಡಿ, ಲೇಸರ್ ಹೆಡ್ ಅನ್ನು ಎರಡಕ್ಕೂ ಒಯ್ದು ತೋರಿಸಿ.

ಗದಗ: ಲೈಟ್‌ಬರ್ನ್ ಕ್ರ್ಯಾಕ್ ಲಿಂಕ್ ಇದ್ದರೆ ಕಳಿಸಿ ಸರ್. ಇಲ್ಲದಿದ್ದರೆ ವರ್ಷ ಆದ ಮೇಲೆ ನಿಲ್ಲುತ್ತದಲ್ವಾ?

ಉತ್ತರ: ಲಿಂಕ್ ಇಲ್ಲ. ನಿಲ್ಲುವುದಿಲ್ಲ. ಮೂರನೇ ಸಲ ಹೇಳುತ್ತಿದ್ದೇನೆ.

ತುಮಕೂರು: ಸರ್, ತಂತಿ ಹಿಡಿದು ನೋಡಿದೆ. ಹಸಿರು.

ಉತ್ತರ: ಹುಡುಗ ಎಲ್ಲಿ?

ತುಮಕೂರು: ತಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾನೆ. ಇನ್ನೂ 30 ಪೀಸ್ ಬಾಕಿ ಇದೆ ಸರ್, ನಾಳೆ ಡೆಲಿವರಿ.

ಉತ್ತರ: ರೌಟರ್ ಇರುವವರ ಹತ್ತಿರ ಕೊಡಿ. ನಿಮ್ಮ ಮಿಷನ್ ಮುಟ್ಟಬೇಡಿ. ನಾನು ಬಂದು ರೈಲ್, ಕನ್ನಡಿ ನೋಡುತ್ತೇನೆ.

ಮಂಡ್ಯ ಗಿಫ್ಟ್ ಸೆಂಟರ್: ಸರ್, ನನ್ನ ಬಾಟಲಿ?