ಒಂದೇ ದೊಡ್ಡ ಟೆಲಿಸ್ಕೋಪ್ ಬಿಟ್ಟು ನಾಲ್ಕು ಸಣ್ಣವನ್ನ ಒಟ್ಟಿಗೆ ಹಾರಿಸೋದು ಯಾಕೆ?

ಆಕಾಶವೀಕ್ಷಕ: ಎಲ್ಲರಿಗೂ ನಮಸ್ಕಾರ. ಬೇರೆ ನಕ್ಷತ್ರಗಳ ಸುತ್ತ ಇರೋ ಭೂಮಿ ಥರದ ಗ್ರಹಗಳನ್ನ ಬಾಹ್ಯಾಕಾಶದಿಂದ ನೋಡೋ ಲೈಫ್ ಅನ್ನೋ ಪ್ರಪೋಸಲ್ ಬಗ್ಗೆ ಓದ್ತಿದ್ದೆ, ಸ್ವಿಟ್ಜರ್ಲೆಂಡಿನ ವಿಶ್ವವಿದ್ಯಾಲಯ ಇಟಿಎಚ್ ಜ್ಯೂರಿಕ್‌ನವರು ಮುಂದೆ ನಿಂತು ಮಾಡ್ತಿರೋದು. ನಾಲ್ಕು ಟೆಲಿಸ್ಕೋಪು ಬೇರೆ ಬೇರೆಯಾಗಿ ಹಾರ್ತಾವೆ, ಮಧ್ಯೆ ಇರೋ ಐದನೇ ನೌಕೆ ಅವುಗಳ ಬೆಳಕನ್ನ ಸೇರಿಸುತ್ತೆ. ಇಷ್ಟು ಕಷ್ಟ ಯಾಕೆ, ಈಗಿರೋ ವೆಬ್ ಬಾಹ್ಯಾಕಾಶ ಟೆಲಿಸ್ಕೋಪ್ ಥರದ್ದೇ ಇನ್ನೊಂದು ಕಳಿಸಿದ್ರೆ ಆಗಲ್ವಾ?

ಬೆಳಕಿನಲೆ: ಆಗಲ್ಲ ಸರ್, ಲೆಕ್ಕ ಹಾಕಿ ನೋಡಿ. 33 ಜ್ಯೋತಿರ್ವರ್ಷ ದೂರದಿಂದ ನೋಡಿದ್ರೆ ಸೂರ್ಯ, ಭೂಮಿ ನಡುವೆ ಕಾಣೋ ಅಂತರ 0.1 ಆರ್ಕ್‌ಸೆಕೆಂಡ್ ಅಷ್ಟೇ, ಅಂದ್ರೆ ಒಂದು ಡಿಗ್ರಿಯ 36,000ದಲ್ಲಿ ಒಂದು ಪಾಲು; 10 ಮೈಕ್ರಾನ್ ಅಲೆಯುದ್ದದ ಇನ್ಫ್ರಾರೆಡ್‌ನಲ್ಲಿ ಅವೆರಡನ್ನ ಬಿಡಿಸಿ ನೋಡೋಕೆ ಹತ್ರ ಹತ್ರ 20 ಮೀಟರ್ ಕನ್ನಡಿ ಬೇಕು, ವೆಬ್‌ದು 6.5 ಮೀಟರ್, ಅದನ್ನೇ ಮಡಚಿ ರಾಕೆಟ್ಟಲ್ಲಿ ಇಟ್ಟಿದ್ದು. ಸಣ್ಣ ಟೆಲಿಸ್ಕೋಪುಗಳನ್ನ ಹತ್ತಾರು ಮೀಟರ್ ದೂರ ನಿಲ್ಲಿಸಿದ್ರೆ ಆ ಬಿಡಿಸೋ ಶಕ್ತಿ ಬಂದುಬಿಡುತ್ತೆ. ಇನ್ಫ್ರಾರೆಡ್ಡೇ ಯಾಕೆ ಅಂದ್ರೆ, ಕಣ್ಣಿಗೆ ಕಾಣೋ ಬೆಳಕಲ್ಲಿ ಸೂರ್ಯ ಭೂಮಿಗಿಂತ ಸುಮಾರು 1000 ಕೋಟಿ ಪಟ್ಟು ಪ್ರಖರ, ಇನ್ಫ್ರಾರೆಡ್‌ನಲ್ಲಿ ಸುಮಾರು 1 ಕೋಟಿ ಪಟ್ಟು ಮಾತ್ರ. ಜೀವದ ಸುಳಿವು ಕೊಡಬಹುದಾದ ಓಝೋನ್ ಅನಿಲದ ಗುರುತು ಸಿಗೋದೂ ಇಲ್ಲೇ, 9.6 ಮೈಕ್ರಾನ್ ಹತ್ರ.

ಆಮೇಲೆ ನಿಜವಾದ ಚಮತ್ಕಾರ: ಒಂದು ಅಲೆಯ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಕೂರೋ ಹಾಗೆ ಸೇರಿಸಿದ್ರೆ ನಕ್ಷತ್ರದ ಬೆಳಕು ಅಳಿಸಿಹೋಗುತ್ತೆ, ಪಕ್ಕದಲ್ಲಿರೋ ಗ್ರಹದ ಬೆಳಕು ಸ್ವಲ್ಪ ಓರೆಯಾಗಿ ಬರೋದ್ರಿಂದ ಉಳ್ಕೊಳ್ಳುತ್ತೆ. ಖಗೋಳವಿಜ್ಞಾನಿ ಬ್ರೇಸ್‌ವೆಲ್ 1978ರಲ್ಲೇ ಹೇಳಿದ್ದು ಇದು, ನನಗೆ ಈಗ್ಲೂ ಓದಿದಾಗೆಲ್ಲ ಖುಷಿ ಆಗುತ್ತೆ.

ಕರಾವಳಿಯವ: ಐಡಿಯಾ ಚಂದ ಉಂಟು ಮಾರಾಯ್ರೆ, ಆದ್ರೆ ಯುರೋಪಿನ ಡಾರ್ವಿನ್ ಯೋಜನೆ ಇದೇ ಥರದ್ದು, 2007ರಲ್ಲಿ ಸ್ಟಡಿ ಹಂತದಲ್ಲೇ ನಿಂತಿತು. ನಾಸಾದ ಟೆರೆಸ್ಟ್ರಿಯಲ್ ಪ್ಲಾನೆಟ್ ಫೈಂಡರ್ ಕೂಡ ಹಾರ್ಲಿಲ್ಲ. ಅಷ್ಟು ಕರಾರುವಾಕ್ಕಾಗಿ ಜೊತೆಗೆ ಹಾರೋದು ಆಗ್ತದಾ?

ಪಿಎಸ್‌ಎಲ್‌ವಿ_ಪ್ರೇಮಿ: ಆಗುತ್ತೆ ಅಂತ ತೋರಿಸಿ ಆಯ್ತಲ್ಲ, ಅದೂ ನಮ್ಮ ರಾಕೆಟ್ಟಲ್ಲೇ ಹೋಗಿ! 2024ರ ಡಿಸೆಂಬರ್ 5ಕ್ಕೆ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ಹೊತ್ತೊಯ್ದ ಯುರೋಪಿನ ಪ್ರೋಬಾ-3ರ ಎರಡು ನೌಕೆಗಳು 150 ಮೀಟರ್ ಅಂತರವನ್ನ ಮಿಲಿಮೀಟರ್ ಲೆಕ್ಕದಲ್ಲಿ ಕಾಯ್ಕೊಂಡು, ಒಂದು ಸೂರ್ಯನಿಗೆ ಅಡ್ಡ ನಿಂತು ಇನ್ನೊಂದು ಸೂರ್ಯನ ಹೊರಕವಚವಾದ ಕರೋನಾದ ಫೋಟೋ ತೆಗೀತು, 2025ರಲ್ಲಿ ಚಿತ್ರಗಳೂ ಹೊರಗೆ ಬಂದ್ವು.

ಬೆಳಕಿನಲೆ: ಹೌದು, ಆದ್ರೆ ಬೆಳಕು ಅಳಿಸೋಕೆ ನ್ಯಾನೋಮೀಟರ್ ಮಟ್ಟದ ನಿಖರತೆ ಬೇಕು. ಅದನ್ನ ನೌಕೆಗಳೇ ಮಾಡ್ಬೇಕಿಲ್ಲ, ಅವು ಹತ್ರಕ್ಕೆ ನಿಂತ್ರೆ ಸಾಕು, ಉಳಿದಿದ್ದನ್ನ ಒಳಗಿರೋ ಸರಿದಾಡೋ ಕನ್ನಡಿಗಳು ಸರಿಮಾಡ್ತಾವೆ. ಜ್ಯೂರಿಕ್ ಲ್ಯಾಬಲ್ಲಿ ನೈಸ್ ಅನ್ನೋ ಪ್ರಯೋಗ ಈ ಅಳಿಸೋ ಭಾಗಕ್ಕೇ ಇರೋದು, ಕೊರೆಯೋ ಚಳಿಯಲ್ಲೂ ಅದು ಕೆಲಸ ಮಾಡ್ಬೇಕು, ಇಲ್ಲಾಂದ್ರೆ ಉಪಕರಣದ ಬಿಸಿಯೇ ಗ್ರಹದ ಸಿಗ್ನಲ್ ನುಂಗಿಬಿಡುತ್ತೆ.