ರಾಯರನ್ನು ಕೇಳಿ: ಸರ್ವರ್ ಬಿದ್ದಾಗ ಡಂಪ್ ಹಿಡಿಯೋದು, ಟೇಪಿಗೆ ಹಾಕೋದು

ಅಡ್ಮಿನ್: ಮುಂಬೈ, ಪುಣೆ, ಗೋವಾ ಕಡೆ ಸರ್ವರ್ ನೋಡಿಕೊಳ್ಳುವ ಕನ್ನಡದವರ ನಮ್ಮ ಈ ಗುಂಪಿನಲ್ಲಿ ಇವತ್ತು ರಾಯರು ಕೂತಿದ್ದಾರೆ. ಮಹಾಪೆಯ ಒಂದು ಡೇಟಾ ಸೆಂಟರಿನವರು, ಹಳೆ ಯುನಿಕ್ಸ್ ಪೆಟ್ಟಿಗೆಗಳೆಲ್ಲ ಅವರ ಕೈಯಲ್ಲಿ ಪಳಗಿವೆ. ವಿಷಯ ಒಂದೇ, ಕ್ರ್ಯಾಶ್ ಡಂಪ್ (ಸರ್ವರ್ ಬಿದ್ದ ಕ್ಷಣದ ಮೆಮೊರಿಯ ನಕಲು) ಮತ್ತು ಟೇಪ್. ಒಬ್ಬರು ಒಂದು ಪ್ರಶ್ನೆ ಕೇಳಿ. ಫಾರ್ವರ್ಡ್ ಬೇಡ.

ಡೊಂಬಿವಲಿ ಲೋಕಲ್: ರಾಯರೇ, ಬೈಬೇಡಿ, ತೀರಾ ಸಣ್ಣ ಪ್ರಶ್ನೆ. ಕ್ರ್ಯಾಶ್ ಆದ ಕೂಡಲೇ ನೇರ ಟೇಪಿಗೇ ಯಾಕೆ ಬರೆಯಲ್ಲ? ಮೊದಲು ಡಿಸ್ಕ್, ಆಮೇಲೆ ಟೇಪ್, ಎರಡೆರಡು ಕೆಲಸ ಯಾಕೆ?

ರಾಯರು: ಬಿದ್ದ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ) ಆ ಹೊತ್ತಿನಲ್ಲಿ ಯಾವುದರ ಮೇಲೂ ನಂಬಿಕೆ ಇಡಲು ಆಗಲ್ಲ. ಫೈಲ್ ಸಿಸ್ಟಮ್ ಮುಟ್ಟಿದರೆ ಇದ್ದದ್ದೂ ಹಾಳು. ಅದಕ್ಕೇ ಮೊದಲೇ ಗೊತ್ತು ಮಾಡಿದ ಡಿಸ್ಕ್ ಜಾಗಕ್ಕೆ, ಹೆಚ್ಚಾಗಿ ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗಕ್ಕೆ), ಮೆಮೊರಿ ಸುರಿದು ನಿಂತುಬಿಡುತ್ತೆ. ಮತ್ತೆ ಬೂಟ್ ಆದಾಗ ಅಲ್ಲಿಂದ ಎತ್ತಿ ಫೈಲ್ ಮಾಡುತ್ತಾರೆ. ಆ ಕಮಾಂಡ್ ಸೋಲಾರಿಸ್ ಯುನಿಕ್ಸ್‌ನಲ್ಲಿ ಸೇವ್‌ಕೋರ್, ಎಚ್‌ಪಿ-ಯುಎಕ್ಸ್‌ನಲ್ಲಿ ಸೇವ್‌ಕ್ರ್ಯಾಶ್. ಟೇಪ್ ಬರೋದು ಅದಾದ ಮೇಲೆ. ಹಿಂದೆ ನೇರ ಟೇಪಿಗೇ ಹೋಗುತ್ತಿತ್ತು. 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲಿ, ಪಿಡಿಪಿ-11 ಮುಂದೆ ನಿಂತು ಆಕ್ಟಲ್ 44ನೇ ವಿಳಾಸ ಹಾಕಿ ಸ್ಟಾರ್ಟ್ ಒತ್ತಿದರೆ ಇಡೀ ಮೆಮೊರಿ ಟೇಪಿಗೆ ಬರೆದು ನಿಲ್ಲುತ್ತಿತ್ತು. ಟೇಪಿಗೆ ರಿಂಗ್ (ಬರೆಯಲು ಬಿಡುವ ಬಳೆ) ಹಾಕಿದೆಯಾ, ಟೇಪ್ ಹೊಸದಾ, ನೋಡಿಕೊಳ್ಳಿ ಅಂತ ಮ್ಯಾನ್ಯುಯಲ್‌ನಲ್ಲೇ ಇತ್ತು.

ಮಾಟುಂಗಾ ಮಾಣಿ: ಎಐಎಕ್ಸ್‌ನಲ್ಲಿ (ಐಬಿಎಂನ ಯುನಿಕ್ಸ್) ಟೇಪ್ ಡ್ರೈವ್‌ನ ಹೆಸರು ಆರ್‌ಎಂಟಿ0 ಹಾಕಬೇಕಾ, ಆರ್‌ಎಂಟಿ0.1 ಹಾಕಬೇಕಾ? ನಾನು ಮೊದಲು ವಿಎಂಕೋರ್ (ಡಂಪ್ ಫೈಲ್) ಟಾರ್ ಕಮಾಂಡ್‌ನಿಂದ ಟೇಪಿಗೆ ಹಾಕಿದೆ, ಆಮೇಲೆ ಯುನಿಕ್ಸ್ ಫೈಲ್ (ಕರ್ನಲ್ ಫೈಲ್) ಟಾರ್ ಮಾಡಿದೆ. ಈಗ ಟೇಪಿನಲ್ಲಿ ಯುನಿಕ್ಸ್ ಮಾತ್ರ ಕಾಣುತ್ತೆ.

ರಾಯರು: ಆರ್‌ಎಂಟಿ0 ಕೆಲಸ ಮುಗಿದ ಕೂಡಲೇ ರಿವೈಂಡ್ ಮಾಡುತ್ತೆ. ನಿಮ್ಮ ಎರಡನೇ ಟಾರ್ ಹೋಗಿ ಮೊದಲನೆಯದರ ಮೇಲೇ ಕೂತಿದೆ. 0.1 ಹಾಕಿದರೆ ರಿವೈಂಡ್ ಆಗಲ್ಲ. ಎರಡನ್ನೂ ಒಂದೇ ಸಲ ಹಾಕಿದರೆ ಈ ತಲೆನೋವೇ ಇಲ್ಲ. 8 ಜಿಬಿಗಿಂತ ದೊಡ್ಡ ಫೈಲ್ ಆದರೆ ಟಾರ್ ಹಿಡಿಯಲ್ಲ, ಪ್ಯಾಕ್ಸ್ ಬಳಸಿ. ಡಿಸ್ಕಿನಲ್ಲಿ ವಿಎಂಕೋರ್ ಇನ್ನೂ ಇದೆ ತಾನೇ?

ಮಾಟುಂಗಾ ಮಾಣಿ: ಜಾಗ ಸಾಲಲಿಲ್ಲ ಅಂತ ಅಳಿಸಿದೆ.

ರಾಯರು: ಸರಿ.

ಭೋಸರಿ ಸೆಕೆಂಡ್ ಶಿಫ್ಟ್: ಸರ್, ನಮ್ಮದು ಭೋಸರಿ ಎಂಐಡಿಸಿಯಲ್ಲಿ ಗಾಡಿ ಬಿಡಿಭಾಗ ಮಾಡುವ ಕಾರ್ಖಾನೆ. ಎಐಎಕ್ಸ್ 5.3, ಹಳೆ ಪವರ್5, ಒಳಗೆ ಡಿಡಿಎಸ್-4 ಟೇಪ್ ಡ್ರೈವ್. ಮಂಗಳವಾರ ರಾತ್ರಿ ಪ್ಯಾನೆಲ್ ಮೇಲೆ 888 ಮಿನುಗಿದೆ. ಆಪರೇಟರ್ ಹುಡುಗ ಬಟನ್ ಒತ್ತುತ್ತಾ ಬೀಡಿ ಕಟ್ಟಿನ ಮೇಲೆ ಬರೆದುಕೊಂಡದ್ದು: 888, 102, 300, 0ಸಿ4. ಆಮೇಲೆ ಆಫ್ ಮಾಡಿ ಆನ್ ಮಾಡಿದ್ದಾನೆ. ಬೂಟ್ ಆಗುವಾಗ ಕನ್ಸೋಲಿನಲ್ಲಿ ಡಂಪ್ ಕಾಪಿ ಮಾಡುವ ಮೆನು ಬಂತಂತೆ. 1 ಒತ್ತಿದ, ಟೇಪ್ ಓಡಿತು, ಲಾಗಿನ್ ಬಂತು. ಬೆಳಿಗ್ಗೆ ನೋಡಿದರೆ ಡ್ರೈವ್‌ನಲ್ಲಿ ಇದ್ದದ್ದು ಸೋಮವಾರದ ಬ್ಯಾಕಪ್ ಟೇಪ್. ಈಗ ಮೇಂಟೆನೆನ್ಸ್‌ನವರು ಡಂಪ್ ಕೊಡಿ ಅಂತಾರೆ, ಅಕೌಂಟ್ಸ್‌ನವರು ಬ್ಯಾಕಪ್ ಕೊಡಿ ಅಂತಾರೆ. ಇರೋದು ಒಂದೇ ಟೇಪ್. ಏನು ಮಾಡಲಿ?

ರಾಯರು: ಮೊದಲು ಆ ಟೇಪ್ ಹೊರಗೆ ತೆಗೆದು ಬರಹ ತಡೆಯುವ ಟ್ಯಾಬ್ ಸರಿಸಿ. ಮಿಕ್ಕದ್ದು ಆಮೇಲೆ ಓದಿ.

ಸರಿಸಿದಿರಾ? ಈಗ ಕೇಳಿ. 102 ಅಂದರೆ ಸಾಫ್ಟ್‌ವೇರ್ ಕಡೆಯಿಂದ ಬಿದ್ದದ್ದು. 300 ಅಂದರೆ ಡೇಟಾ ಸ್ಟೋರೇಜ್ ಇಂಟರಪ್ಟ್, ಕರ್ನಲ್ ಒಳಗೆ ಯಾರೋ ಮುಟ್ಟಬಾರದ ವಿಳಾಸ ಮುಟ್ಟಿದ್ದಾರೆ. ಯಾವುದಾದರೂ ಡ್ರೈವರೋ ಕರ್ನಲ್ ಎಕ್ಸ್‌ಟೆನ್ಷನ್ನೋ ಹೊಸದಾಗಿ ಹಾಕಿದ್ದೀರಾ ನೋಡಿ. 0ಸಿ4 ಅಂದರೆ ಡಂಪ್ ಬರೆಯುತ್ತಾ ಬರೆಯುತ್ತಾ ಜಾಗ ಮುಗಿದಿದೆ. ಪೂರ್ತಿ ಬಂದಿದ್ದರೆ 0ಸಿ0 ಇರುತ್ತಿತ್ತು. ಅಂದರೆ ನಿಮ್ಮ ಟೇಪಿನಲ್ಲಿ ಇರೋದು ಅರ್ಧಂಬರ್ಧ ಡಂಪ್. ಎಸೆಯಬೇಡಿ, ಅರ್ಧದಲ್ಲೂ ಬಿದ್ದ ಥ್ರೆಡ್‌ನ ಸ್ಟ್ಯಾಕ್ ಸಿಗುವುದುಂಟು, ಅಷ್ಟು ಸಿಕ್ಕರೆ ಎಷ್ಟೋ ಸಲ ಕಳ್ಳ ಯಾರು ಅಂತ ಗೊತ್ತಾಗುತ್ತೆ.

ಬ್ಯಾಕಪ್ ಹೋಯಿತು. ಬರೆದು ನಿಲ್ಲಿಸಿದ ಕಡೆ ಡ್ರೈವ್ ಅಂತ್ಯದ ಗುರುತು ಹಾಕುತ್ತೆ, ಅದರಾಚೆ ಹೋಗು ಅಂದರೆ ಹೋಗಲ್ಲ. ಸೋಮವಾರದ ಡೇಟಾದ ಬಾಲ ಟೇಪಿನಲ್ಲಿ ಇನ್ನೂ ಇರಬಹುದು, ಆದರೆ ನಮ್ಮ ನಿಮ್ಮ ಡ್ರೈವ್‌ನಲ್ಲಿ ಬರಲ್ಲ. ಬೇಕೇ ಬೇಕು ಅಂದರೆ ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಬೇಕು. ಅಕೌಂಟ್ಸ್‌ನವರಿಗೆ ಹಿಂದಿನ ಟೇಪ್ ಕೊಡಿ. ಹುಡುಗನನ್ನು ಬೈಬೇಡಿ. ಖಾಲಿ ಟೇಪ್ ಹಾಕು ಅಂತ ಮೆನು ಹೇಳುತ್ತೆ, ಒಳಗಿರೋದು ಖಾಲಿಯಾ ಅಂತ ಅದು ನೋಡಲ್ಲ. ರಾತ್ರಿ ಬ್ಯಾಕಪ್ ಮುಗಿದ ಮೇಲೂ ಟೇಪನ್ನು ಡ್ರೈವ್‌ನಲ್ಲೇ ಬಿಡುವ ಪದ್ಧತಿ ಯಾರದ್ದೋ ಅವರನ್ನು ಕೇಳಿ.

ಆ ಮೆನು ಯಾಕೆ ಬಂತು ಗೊತ್ತಾ? ಡಂಪ್ ಎಚ್‌ಡಿ6ರಲ್ಲಿ ಕೂತಿತ್ತು, ಅಂದರೆ ಪೇಜಿಂಗ್ (ಸ್ವಾಪ್) ಜಾಗದಲ್ಲಿ. ಬೂಟ್ ಆಗುವಾಗ ಅದನ್ನು /ವಾರ್/ಆ್ಯಡ್ಮ್/ರಾಸ್ ಡೈರೆಕ್ಟರಿಗೆ ಎತ್ತಿ ಹಾಕಲು ನೋಡುತ್ತೆ. ಅಲ್ಲಿ ಜಾಗ ಇಲ್ಲದಿದ್ದರೆ, ಫೋರ್ಸ್ಡ್ ಕಾಪಿ ಫ್ಲ್ಯಾಗ್ ಟ್ರೂ ಇದ್ದರೆ, ಬೂಟ್ ನಿಲ್ಲಿಸಿ ಟೇಪ್ ಕೊಡು ಅನ್ನುತ್ತೆ. 99 ಒತ್ತಿ ಹೊರಗೆ ಬಂದಿದ್ದರೆ ಪೇಜಿಂಗ್ ಶುರುವಾಗಿ ಡಂಪ್ ತೊಳೆದು ಹೋಗುತ್ತಿತ್ತು. ಹಾಗೆ ನೋಡಿದರೆ ಹುಡುಗ ಒತ್ತಿದ್ದು ಸರಿಯಾದ ನಂಬರೇ.

ಈಗ ನಾಲ್ಕು ಔಟ್‌ಪುಟ್ ಬೇಕು. ಸಿಸ್‌ಡಂಪ್‌ಡೆವ್ (ಡಂಪ್ ಎಲ್ಲಿಗೆ ಹೋಗಬೇಕು ಅಂತ ನೋಡುವ, ಬದಲಿಸುವ ಕಮಾಂಡ್) ಸಣ್ಣ ಎಲ್, ದೊಡ್ಡ ಎಲ್, ಸಣ್ಣ ಇ. ಮತ್ತೆ ಎರ್‌ಪಿಟಿ (ದೋಷಗಳ ಪಟ್ಟಿ). ಮೊಬೈಲ್ ಫೋಟೋ ಬೇಡ. ಮತ್ತೆ ಯಾರೂ ಪ್ಯಾಚ್ ಹಾಕಬಾರದು. ಡಂಪ್ ಓದಲು ಅದೇ ದಿನ ಓಡುತ್ತಿದ್ದ /ಯುನಿಕ್ಸ್ ಬೇಕು, ಅದು ಬದಲಾದರೆ ಡಂಪ್ ಇದ್ದೂ ಇಲ್ಲ.

ಹಿಂಜವಡಿ ಹುಡುಗ: ಫಾರ್ವರ್ಡ್ ಬಂದಿತ್ತು, ಎಲ್ಲರಿಗೂ ಉಪಯೋಗ ಆಗಲಿ. "ಎಐಎಕ್ಸ್ ಬೂಟ್ ನಿಧಾನವೇ? ಪ್ರೈಮರಿ ಡಂಪ್ ಡಿವೈಸ್ ಸಿಸ್‌ಡಂಪ್‌ನಲ್ ಎಂದು ಹಾಕಿ, ಡಂಪ್ ಮೆನು ಕಾಟ ಶಾಶ್ವತವಾಗಿ ಹೋಗುತ್ತದೆ. ಸರ್ವರ್ ಹ್ಯಾಂಗ್ ಆದರೆ ಪವರ್ ಕೇಬಲ್ ಕಿತ್ತು 30 ಸೆಕೆಂಡ್ ಬಿಡಿ, ಮೆಮೊರಿ ಶುದ್ಧವಾಗುತ್ತದೆ."

ರಾಯರು: ದಯವಿಟ್ಟು ಅಳಿಸಿ. ನಲ್ (ಅಂದರೆ ಎಲ್ಲಿಗೂ ಬರೆಯಬೇಡ) ಹಾಕಿದರೆ ಮೆನು ಹೋಗುತ್ತೆ, ಜೊತೆಗೆ ಡಂಪೂ ಹೋಗುತ್ತೆ. ಮೆಮೊರಿ ಶುದ್ಧ ಆಗೋದೇ ತೊಂದರೆ, ನಮಗೆ ಬೇಕಾದದ್ದು ಅಲ್ಲೇ ಇತ್ತು. ಪ್ಯಾನೆಲ್ ಮೇಲೆ 0ಸಿ9 ಅಥವಾ 0ಸಿ2 ಇದ್ದರೆ ಡಂಪ್ ಇನ್ನೂ ಬರೆಯುತ್ತಿದೆ ಅಂತ ಅರ್ಥ, ಆಗ ಕೇಬಲ್ ಕಿತ್ತರೆ ದೇವರೇ ಗತಿ.

ಹಿಂಜವಡಿ ಹುಡುಗ: ಅಳಿಸಿದೆ. ಆದರೂ ಸರ್, ಈಗಿನ ಕಾಲದಲ್ಲಿ ಟೇಪ್ ಯಾಕೆ? ಲಿನಕ್ಸ್‌ನಲ್ಲಿ ಕೆಡಂಪ್ ಇದೆ. ಬಿದ್ದ ಕರ್ನಲ್ ಪಕ್ಕಕ್ಕಿಟ್ಟು, ಕಾದಿರಿಸಿದ ಮೆಮೊರಿಯಲ್ಲಿ ಎರಡನೇ ಕರ್ನಲ್ ಎಬ್ಬಿಸಿ, ನೆಟ್‌ವರ್ಕ್ ಮೇಲೇ ಡಂಪ್ ಕಳಿಸುತ್ತೆ.

ಠಾಣೆ ಟೇಪ್‌ವಾಲಾ: ಕಾರ್ಖಾನೆಯ ಆ ಸಾಫ್ಟ್‌ವೇರ್ ಲಿನಕ್ಸ್‌ಗೆ ಬರೆದು ಕೊಡ್ತೀರಾ? ಬಂದ್ಬಿಟ್ರು ಹಿಂಜವಡಿಯಿಂದ.

ಹಿಂಜವಡಿ ಹುಡುಗ: ನಿಮ್ಮಂಥವರಿಂದಲೇ ಬೀಡಿ ಕಟ್ಟಿನ ಮೇಲೆ ಎರರ್ ಕೋಡ್ ಬರೆಯೋ ಪರಿಸ್ಥಿತಿ.

ಠಾಣೆ ಟೇಪ್‌ವಾಲಾ: ಕೋಡ್ ಬರೆದುಕೊಂಡನಲ್ಲ, ಅದು ದೊಡ್ಡದು. ನಿಮ್ಮ ಹುಡುಗರು ಸ್ಕ್ರೀನ್‌ಶಾಟ್ ಅಂತ ಮಾನಿಟರ್ ಹಿಂಭಾಗದ ಫೋಟೋ ಕಳಿಸ್ತಾರೆ.

ವಾಸ್ಕೋ ಬಂದರು: ಜಗಳದ ಮಧ್ಯೆ ಒಂದು ಪ್ರಶ್ನೆ ಮಾರಾಯ್ರೇ. ಗೋದಾಮಿನಲ್ಲಿ ಎಸ್‌ಸಿಒ ಓಪನ್‌ಸರ್ವರ್ 5 (ಇನ್ನೊಂದು ಯುನಿಕ್ಸ್) ಇದೆ. ರ್‍ಯಾಮ್ ಜಾಸ್ತಿ ಮಾಡಿದ ಮೇಲೆ ಪ್ಯಾನಿಕ್ ಆದರೆ (ಕರ್ನಲ್ ಬಿದ್ದರೆ) ಡಂಪ್ ಸರಿ ಬರ್ತಾ ಇಲ್ಲ.

ರಾಯರು: ಸ್ವಾಪ್ ಹಳೆಯ ಅಳತೆಯಲ್ಲೇ ಬಿಟ್ಟಿದ್ದೀರಿ. ಸ್ವಾಪ್ ರ್‍ಯಾಮ್‌ನಷ್ಟಾದರೂ ಇರಬೇಕು. ಬೂಟ್ ಆಗುವಾಗ ಸ್ವಾಪ್‌ನಲ್ಲಿ ಡಂಪ್ ಇರಬಹುದು, ಉಳಿಸಲಾ ಅಂತ ಕೇಳುತ್ತೆ, ಅಭ್ಯಾಸಬಲದಿಂದ ಎನ್ ಒತ್ತಬೇಡಿ.

ಕಲ್ಯಾಣ್ ಜಂಕ್ಷನ್: ಎಚ್‌ಪಿ-ಯುಎಕ್ಸ್ ಹ್ಯಾಂಗ್ ಆದಾಗ ಜಿಎಸ್‌ಪಿಗೆ (ಸರ್ವರಿನ ನಿರ್ವಹಣಾ ಕನ್ಸೋಲಿಗೆ) ಹೋಗಿ ಟಿಸಿ ಕಮಾಂಡ್ ಹೊಡೆದರೆ ಡಂಪ್ ಬರುತ್ತಾ ರಾಯರೇ?

ಪಿಂಪ್ರಿ ಗೆಳತಿ: ಎಐಎಕ್ಸ್‌ನಲ್ಲಿ ಆರ್‌ಎಂಟಿ0 ಹಾಕಬೇಕಾ 0.1 ಹಾಕಬೇಕಾ?

ರಾಯರು: ಮೇಲೆ ಇದೆ.

ಡೊಂಬಿವಲಿ ಲೋಕಲ್: ಟೇಪ್ ಕೊರಿಯರ್‌ನಲ್ಲಿ ಕಳಿಸಬಹುದಾ?

ರಾಯರು: ಡಂಪ್ ಅಂದರೆ ಆ ಕ್ಷಣದ ಮೆಮೊರಿ. ಪಾಸ್‌ವರ್ಡ್, ಗಿರಾಕಿಯ ಹೆಸರು, ಏನು ಬೇಕಾದರೂ ಅದರಲ್ಲಿ ಇರಬಹುದು. ಲಿಖಿತ ಒಪ್ಪಿಗೆ ಇಲ್ಲದೆ ಕಳಿಸಬೇಡಿ. ಚೀಟಿಯ ಮೇಲೆ ಯಾವ ಕಮಾಂಡ್‌ನಿಂದ ಬರೆದದ್ದು, ಬ್ಲಾಕ್ ಸೈಜ್ ಎಷ್ಟು, ಎರಡನ್ನೂ ಬರೆಯಿರಿ. ಆ ಕಡೆಯವರ ಡ್ರೈವ್ ಯಾವುದು ಅಂತಲೂ ಮೊದಲು ಕೇಳಿ. ಎಲ್‌ಟಿಒ-8 ಡ್ರೈವ್ ಎಲ್‌ಟಿಒ-6 ಟೇಪ್ ಓದಲ್ಲ.

ಮಾಟುಂಗಾ ಮಾಣಿ: ಮಳೆಗಾಲದಲ್ಲಿ ಟೇಪನ್ನು ಅಕ್ಕಿ ಡಬ್ಬಿಯಲ್ಲಿ ಇಡಬೇಕು ಅಂತಾರೆ, ನಿಜನಾ?

ರಾಯರು: ಅಕ್ಕಿ ಅನ್ನಕ್ಕೆ. ಟೇಪ್ ಹೊರಗಿನಿಂದ ತಂದರೆ ಒಂದು ದಿನ ಸರ್ವರ್ ರೂಮಿನಲ್ಲಿ ಇಟ್ಟು ಆಮೇಲೆ ಡ್ರೈವ್‌ಗೆ ಹಾಕಿ.

ಭೋಸರಿ ಸೆಕೆಂಡ್ ಶಿಫ್ಟ್: ಸರ್, ಔಟ್‌ಪುಟ್ ಬಂತು. ಪ್ರೈಮರಿ ಎಚ್‌ಡಿ6, ಅದು 1 ಜಿಬಿ. ಇ ಹಾಕಿದಾಗ ಡಂಪ್‌ನ ಅಂದಾಜು ಗಾತ್ರ ಸುಮಾರು 1.6 ಜಿಬಿ ತೋರಿಸುತ್ತೆ. ಎರ್‌ಪಿಟಿಯಲ್ಲಿ ದಿನಾ ಮಧ್ಯಾಹ್ನ 3ಕ್ಕೆ ಇ87ಇಎಫ್1ಬಿಇ ಅಂತ ಒಂದು ಸಾಲು, ಡಂಪ್‌ಚೆಕ್, ಅತಿ ದೊಡ್ಡ ಡಂಪ್ ಡಿವೈಸ್ ಸಾಲದು ಅಂತ. ತಿಂಗಳುಗಟ್ಟಲೆ ಇದೆ.

ಠಾಣೆ ಟೇಪ್‌ವಾಲಾ: ದಿನಾ 3 ಗಂಟೆಗೆ ಮೆಷೀನೇ ಬಾಯಿ ಬಿಟ್ಟು ಹೇಳಿದೆ, ಇನ್ನೇನು ಬೇಕಿತ್ತು?

ಭೋಸರಿ ಸೆಕೆಂಡ್ ಶಿಫ್ಟ್: ನಾನು ಸೇರಿ ಎರಡು ವಾರ ಆಗಿಲ್ಲ ಸ್ವಾಮಿ. ನಿಮ್ಮ ಪೆಟ್ಟಿಗೆಯ ಎರ್‌ಪಿಟಿ ಹಾಕಿ ನೋಡೋಣ.

ಕಲ್ಯಾಣ್ ಜಂಕ್ಷನ್: ನನ್ನ ಟಿಸಿ ಪ್ರಶ್ನೆಗೆ ಉತ್ತರ ಬರಲಿಲ್ಲ.

ಅಡ್ಮಿನ್: ವೈಯಕ್ತಿಕ ಮಾತು ಬೇಡ, ಇಬ್ಬರಿಗೂ ಹೇಳ್ತಾ ಇದ್ದೇನೆ.

ರಾಯರು: ಭೋಸರಿಯವರೇ, ಆ ಸಾಲನ್ನು ಹಾಕುವುದು ಕ್ರಾನ್‌ನಲ್ಲಿರುವ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕಮಾಂಡ್‌ಗಳ ಪಟ್ಟಿಯಲ್ಲಿರುವ) ಡಂಪ್‌ಚೆಕ್. ಅದನ್ನು ಕ್ರಾನ್‌ನಿಂದ ತೆಗೆದು "ಸರಿಪಡಿಸಿದೆ" ಅನ್ನುವವರೂ ಇದ್ದಾರೆ, ನೀವು ಹಾಗೆ ಮಾಡಬೇಡಿ. ರೂಟ್‌ವಿಜಿಯಲ್ಲಿ (ಸಿಸ್ಟಮ್ ಇರುವ ಡಿಸ್ಕ್ ಗುಂಪಿನಲ್ಲಿ) ಸಿಸ್‌ಡಂಪ್ ಬಗೆಯ ಪ್ರತ್ಯೇಕ ಎಲ್‌ವಿ (ಲಾಜಿಕಲ್ ವಾಲ್ಯೂಮ್, ಡಿಸ್ಕಿನ ಒಂದು ಪಾಲು) ಮಾಡಿ, 2 ಜಿಬಿ ಕೊಡಿ. ಪಿಪಿ (ಡಿಸ್ಕ್ ಹಂಚುವ ಒಂದು ತುಂಡು) 128 ಎಂಬಿ ಇದ್ದರೆ 16 ಪಿಪಿ. ಸಿಸ್‌ಡಂಪ್‌ಡೆವ್ ದೊಡ್ಡ ಪಿ, ಸಣ್ಣ ಪಿ ಎರಡೂ ಹಾಕಿ ಅದನ್ನು ಪ್ರೈಮರಿ ಮಾಡಿ. ದೊಡ್ಡ ಪಿ ಮರೆತರೆ ಮುಂದಿನ ಬೂಟ್‌ಗೆ ಮತ್ತೆ ಎಚ್‌ಡಿ6. ದೊಡ್ಡ ಸಿ ಹಾಕಿ ಕಂಪ್ರೆಷನ್ ಆನ್ ಮಾಡಿ, ದೊಡ್ಡ ಕೆ ಹಾಕಿ ಕೈಯಾರೆ ಡಂಪ್ ತೆಗೆಯಲು ಬಿಡಿ. ಪ್ರತ್ಯೇಕ ಎಲ್‌ವಿ ಇದ್ದರೆ ಪೇಜಿಂಗ್ ಬಂದು ತೊಳೆಯುವ ಭಯ ಇಲ್ಲ. ರಾತ್ರಿ ಯಾರೂ ಏನೂ ಒತ್ತಬೇಕಾಗಿಲ್ಲ, ಬೆಳಿಗ್ಗೆ ನೀವೇ ಬಂದು ಖಾಲಿ ಟೇಪ್ ಹಾಕಿ ಸ್ನ್ಯಾಪ್ ಕಮಾಂಡ್‌ನಿಂದ ಡಂಪ್, ಯುನಿಕ್ಸ್ ಎರಡೂ ಒಟ್ಟಿಗೆ ಬರೆಯಬಹುದು. ಹೇಗೂ ಗುರುವಾರ ನಿಮ್ಮಲ್ಲಿ ರಜೆ, ಅವತ್ತು ಡೇಟಾಬೇಸ್ ಇಳಿಸಿ, ಸಿಸ್‌ಡಂಪ್‌ಸ್ಟಾರ್ಟ್ ಹೊಡೆದು 0ಸಿ0 ಬರುತ್ತಾ ನೋಡಿ.

ಭೋಸರಿ ಸೆಕೆಂಡ್ ಶಿಫ್ಟ್: ಗುರುವಾರ ಕರೆಂಟೂ ಇರಲ್ಲ ಸರ್, 9ರಿಂದ ಮೆಂಟೆನೆನ್ಸ್ ಶಟ್‌ಡೌನ್.

ರಾಯರು: ಹಾಗಾದರೆ ಕರೆಂಟ್ ಹೋಗುವ ಮೊದಲು, 6 ಗಂಟೆಗೆ ಹೋಗಿ. ಯುಪಿಎಸ್ ನಂಬಿ ಡಂಪ್ ಟೆಸ್ಟ್ ಮಾಡಬೇಡಿ.

ಪಿಂಪ್ರಿ ಗೆಳತಿ: ಮೇಲೆ ಅಂದರೆ ಎಲ್ಲಿ? ಹುಡುಕಿದೆ, ಬರೀ ಜಗಳ ಕಾಣುತ್ತೆ.

ಡೊಂಬಿವಲಿ ಲೋಕಲ್: 0.1 ಅಕ್ಕ, ಎರಡನ್ನೂ ಒಂದೇ ಸಲ ಹಾಕಿದರೆ ಯಾವುದಾದರೂ ನಡೆಯುತ್ತೆ.

ಅಡ್ಮಿನ್: ರಾಯರು ಲಾಗೌಟ್ ಆದರು. ಕಲ್ಯಾಣ್‌ನವರ ಟಿಸಿ ಪ್ರಶ್ನೆ ಮುಂದಿನ ಸಲಕ್ಕೆ. ಹಿಂಜವಡಿ, ಠಾಣೆ ಇಬ್ಬರೂ ಖಾಸಗಿಯಲ್ಲಿ ಮುಂದುವರಿಸಿ.