ಅಪ್‌ಡೇಟ್: ಬಾಡಿಗೆಗೆ ಕೊಡೋಕೆ ಮನೆ ಕೊಳ್ಳುವ ಮೊದಲು ಏನು ಕಲಿಯಬೇಕು?

ಬಾಡಿಗೆ ಆದಾಯಕ್ಕಾಗಿ ಮನೆ ಕೊಳ್ಳಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೆ. ಮೊದಲು ಲೆಕ್ಕ ಹಾಕಿ ಅಂದಿರಿ. ಹಾಕಿದೆ. 12 ತಿಂಗಳ ಬಾಡಿಗೆಯನ್ನು ಮನೆಯ ಬೆಲೆಯಿಂದ ಭಾಗಿಸಿ, ನೂರಕ್ಕೆ 6 ಬರುತ್ತೆ ಅಂತ ಖುಷಿಪಟ್ಟಿದ್ದೆ. ತೆರಿಗೆ, ವಿಮೆ, ರಿಪೇರಿ ಕಳೆದು, ವರ್ಷಕ್ಕೆ ಒಂದು ತಿಂಗಳು ಮನೆ ಖಾಲಿ ಅಂತ ಹಿಡಿದಾಗ 4 ಕೂಡ ಉಳಿಯಲಿಲ್ಲ. ಸಾಲದ ಬಡ್ಡಿಯೇ ಅದಕ್ಕಿಂತ ಜಾಸ್ತಿ! ಆ ಮನೆ ಕೈಬಿಟ್ಟೆ.

ಈಗ ಕರಾರು ಪತ್ರಗಳನ್ನು ಓದುತ್ತಿದ್ದೇನೆ. ನೋಟಿಸ್ ಎಷ್ಟು ದಿನ, ನಲ್ಲಿ ಸೋರಿದರೆ ಯಾರು ಸರಿ ಮಾಡಿಸಬೇಕು, ಎಲ್ಲ ಮೊದಲೇ ಬರೆದಿರಬೇಕು ಅಲ್ವಾ. ಬಾಡಿಗೆದಾರರು ಬರುವ ದಿನವೇ ಇಬ್ಬರೂ ನಿಂತು ಗೋಡೆ, ಚಿಲಕ, ಸಿಂಕಿನ ಕೆಳಗಿನ ಪೈಪಿನ ಫೋಟೋ ತೆಗೆದಿಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಬಣ್ಣ ಮಾಸುವುದು ಬಳಕೆಯ ಸವೆತ, ಅದಕ್ಕೆ ಅಡ್ವಾನ್ಸ್ ಹಿಡಿಯೋದು ನ್ಯಾಯವಲ್ಲ ಅನ್ನೋದೂ ಈಗ ಅರ್ಥವಾಯಿತು.